ಹೊಲಿಗೆ ಮಾಗುವ 14 ದಿನ: ಆಪರೇಷನ್ ಆದ ಹೆಣ್ಣುನಾಯಿಯ ನಂಬಿಕೆ ಗಳಿಸುವ ಬಗೆ

ಬೀದಿಯಿಂದಲೋ ಆಶ್ರಯಧಾಮದಿಂದಲೋ ತಂದ ಹೆಣ್ಣು ನಾಡನಾಯಿಗೆ ಕೆಲವೇ ತಿಂಗಳೊಳಗೆ ಸಂತಾನಹರಣ ಆಪರೇಷನ್ ಮಾಡಿಸುವವರು ಹೆಚ್ಚು. ಮಾಡಿಸಬೇಕಾದ್ದೇ. ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಪ್ರಾಣಕ್ಕೇ ಎರವಾಗುವ ಕಾಯಿಲೆ, ಅದು ತಪ್ಪುತ್ತದೆ. ಬೇಗ ಮಾಡಿಸಿದರೆ ಸ್ತನದ ಗಡ್ಡೆಗಳ ಭಯವೂ ಬಹಳ ಕಡಿಮೆ. ಆದರೆ ಒಮ್ಮೆ ಅವಳ ಜಾಗದಲ್ಲಿ ನಿಂತು ನೋಡಿ. ನೀವು ಅವಳಿಗೆ ಇನ್ನೂ ಹೊಸಬರು. ಒಂದು ಬೆಳಿಗ್ಗೆ ಊಟ ಕೊಡದೆ ಕಾರು ಹತ್ತಿಸಿ, ಔಷಧಿ ವಾಸನೆಯ ಜಾಗದಲ್ಲಿ ಬಿಟ್ಟುಹೋಗುತ್ತೀರಿ. ಸಂಜೆ ತಲೆ ತಿರುಗುತ್ತಾ, ಹೊಟ್ಟೆ ನೋಯುತ್ತಾ ವಾಪಸು ಬರುತ್ತಾಳೆ. ಆಮೇಲೆ ಎರಡು ವಾರ ಮಾತ್ರೆ, ಕುತ್ತಿಗೆಗೆ ಕೋನ್ (ಗಾಯ ನೆಕ್ಕದಂತೆ ತಲೆಯ ಸುತ್ತ ತೊಡಿಸುವ ಲಾಳಿಕೆಯಂಥ ಕವಚ), ಕಟ್ಟಿಹಾಕುವುದು, ಗಾಯ ನೋಡುವುದು. ಎಲ್ಲವೂ ಅವಳಿಗೆ ಬೇಡದ ಕೆಲಸ, ಮಾಡುವ ಕೈ ಮಾತ್ರ ನಿಮ್ಮದೇ.

ನಾಯಿ ಕಲಿಯುವುದು ಯಾವುದರ ಹಿಂದೆ ಯಾವುದು ಬಂತು ಎಂಬುದನ್ನು ಜೋಡಿಸಿಕೊಂಡು. ನಿಮ್ಮ ಹೆಜ್ಜೆ ಸಪ್ಪಳದ ಹಿಂದೆ ಪ್ರತಿಸಲ ನೋವೇ ಬಂದರೆ, ಹೆಜ್ಜೆ ಸಪ್ಪಳಕ್ಕೇ ಹೆದರುತ್ತಾಳೆ. ಅದೇ ಸಪ್ಪಳದ ಹಿಂದೆ ಹತ್ತು ಸಲ ಕೋಳಿಚೂರು ಬಂದು ಒಂದು ಸಲ ಮಾತ್ರೆ ಬಂದರೆ ನಿಮ್ಮನ್ನು ಕಂಡಾಗ ಬಾಲ ಆಡಿಸುತ್ತಾಳೆ. ಈ 14 ದಿನ ನೀವು ಹಿಡಿದುಕೊಳ್ಳಬೇಕಾದ್ದು ಒಂದೇ ನಿಯಮ: ಹೇಳದೆ ಏನನ್ನೂ ಮಾಡಬೇಡಿ, ಬೇಡವೆಂದರೆ ಕೈ ಹಿಂದೆ ತೆಗೆಯಿರಿ. ಮುಂದೆ ಬರುವುದೆಲ್ಲ ಇದನ್ನು ದಿನದ ಕೆಲಸಗಳಲ್ಲಿ ಪಾಲಿಸುವ ಬಗೆ. ಲೆಕ್ಕಗಳೆಲ್ಲ 12ರಿಂದ 15 ಕಿಲೋ ತೂಕದ ಸಾಮಾನ್ಯ ನಾಡನಾಯಿಗೆ. ನಿಮ್ಮವಳು ಚಿಕ್ಕವಳೋ ದೊಡ್ಡವಳೋ ಆದರೆ ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ.

ಆಪರೇಷನ್‌ಗೆ ಮುಂಚಿನ ವಾರ

ಮೊದಲು ಅವಳ ಕಿವಿ ನೋಡಿ. ಬೀದಿನಾಯಿಗಳ ಸಂತಾನ ನಿಯಂತ್ರಣ ಕಾರ್ಯಕ್ರಮದಲ್ಲಿ ಆಪರೇಷನ್ ಆದ ನಾಯಿಗಳ ಕಿವಿಯ ತುದಿಯನ್ನು ಗುರುತಿಗಾಗಿ ಕತ್ತರಿಸುತ್ತಾರೆ. ಅಂಥ ಗುರುತಿದ್ದರೆ ಆಪರೇಷನ್ ಆಗಲೇ ಆಗಿರಬಹುದು. ಡಾಕ್ಟರಿಗೆ ತೋರಿಸಿ, ಸುಮ್ಮನೆ ಇನ್ನೊಮ್ಮೆ ಹೊಟ್ಟೆ ತೆರೆಯುವುದು ಬೇಡ.

ರಕ್ತಪರೀಕ್ಷೆಯನ್ನು ಬಿಡಬೇಡಿ. ನಮ್ಮ ಕಡೆ ಉಣ್ಣೆಗಳಿಂದ ಹರಡುವ ಜ್ವರ ಸಾಮಾನ್ಯ. ಅದು ಪ್ಲೇಟ್‌ಲೆಟ್ ಇಳಿಸುತ್ತದೆ. ನೋಡಲು ಗಟ್ಟಿಮುಟ್ಟಾಗಿಯೇ ಇರುವ ನಾಯಿಗೂ ಆಪರೇಷನ್ ಹೊತ್ತಿನಲ್ಲಿ ರಕ್ತ ನಿಲ್ಲದೆ ಹೋಗಬಹುದು. ಕೊನೆಯ ಸಲ ಬೆದೆಗೆ ಬಂದಿದ್ದು ಯಾವಾಗ ಎಂಬುದು ಗೊತ್ತಿದ್ದರೆ ಅದನ್ನೂ ಹೇಳಿ. ಬೆದೆಯಾದ ಎರಡು ಮೂರು ತಿಂಗಳ ಮೇಲೆ ಮಾಡುವುದನ್ನು ಬಹಳಷ್ಟು ಡಾಕ್ಟರುಗಳು ಬಯಸುತ್ತಾರೆ. ದೀಪಾವಳಿ, ಊರಹಬ್ಬ, ಮನೆಯಲ್ಲಿ ಮದುವೆ ಇರುವ ವಾರಗಳನ್ನು ತಪ್ಪಿಸಿ. ಒಂದು ಪಟಾಕಿ ಸದ್ದಿಗೆ ಬೆಚ್ಚಿ ಮಂಚದಡಿಗೆ ನುಗ್ಗಿದರೂ ಹೊಲಿಗೆಗೆ ಏಟು ಬೀಳುತ್ತದೆ.

ಕೋನನ್ನು ಆಪರೇಷನ್ ದಿನವೇ ಮೊದಲ ಬಾರಿಗೆ ತೊಡಿಸುವುದು ಎಲ್ಲರೂ ಮಾಡುವ ತಪ್ಪು. ನಾಲ್ಕೈದು ದಿನ ಮುಂಚೆಯೇ ಕೊಂಡು ತನ್ನಿ. ಅಳತೆ ಹೀಗೆ: ಕೋನಿನ ಅಂಚು ಮೂಗಿನ ತುದಿಗಿಂತ ಎರಡು ಮೂರು ಸೆಂಟಿಮೀಟರ್ ಮುಂದೆ ಬರಬೇಕು, ಕುತ್ತಿಗೆಯ ಬಳಿ ಎರಡು ಬೆರಳು ಸಲೀಸಾಗಿ ತೂರಬೇಕು. ಮೊದಲ ದಿನ ಕೋನನ್ನು ನೆಲದ ಮೇಲಿಟ್ಟು ಅದರೊಳಗೆ ತಿನಿಸು ಹಾಕಿ. ಮರುದಿನ ಕೈಯಲ್ಲಿ ಹಿಡಿದು ಆಚೆ ಬದಿಯಿಂದ ತಿನಿಸು ತೋರಿಸಿ. ಅವಳೇ ಮೂತಿ ತೂರಿಸಲಿ, ನೀವು ಕೋನನ್ನು ಅವಳ ಕಡೆ ದೂಡಬೇಡಿ. ಮೂರನೇ ದಿನ ತೊಡಿಸಿ ಹತ್ತು ಸೆಕೆಂಡ್, ನಾಲ್ಕನೇ ದಿನ ಐದು ನಿಮಿಷ.

ಮಲಗುವ ಮೂಲೆಯನ್ನೂ ಮುಂಚೆಯೇ ಗೊತ್ತುಮಾಡಿ. ಜನ ಓಡಾಡುವ ದಾರಿಯಲ್ಲಿ ಬೇಡ, ಯಾರೂ ಕಾಣದ ಒಂಟಿ ಕೋಣೆಯೂ ಬೇಡ. ಮನೆಯ ಹಾಲ್‌ನಲ್ಲಿ ಒಂದು ಮೂಲೆ, ಎರಡು ಬದಿ ಗೋಡೆ ಇದ್ದರೆ ಸರಿ. ಗ್ರಾನೈಟ್, ಟೈಲ್ಸ್ ನೆಲದಲ್ಲಿ ಕಾಲು ಜಾರಿದರೆ ಹೊಟ್ಟೆಯ ಸ್ನಾಯು ಎಳೆಯುತ್ತದೆ, ಆದ್ದರಿಂದ ಹಾಸಿಗೆಯಿಂದ ನೀರಿನ ಬಟ್ಟಲಿಗೂ ಬಾಗಿಲಿಗೂ ರಬ್ಬರ್ ಮ್ಯಾಟಿನ ದಾರಿ ಮಾಡಿ. ಹಳೇ ಯೋಗ ಮ್ಯಾಟ್ ಕತ್ತರಿಸಿ ಹಾಕಿದರೂ ಸಾಕು.

ಮೊದಲ ರಾತ್ರಿ

ಮನೆಗೆ ಕರೆತರುವ ಮುನ್ನ ಡಾಕ್ಟರನ್ನು ನಾಲ್ಕು ಮಾತು ಕೇಳಿ ಬರೆದುಕೊಳ್ಳಿ. ಹೊಲಿಗೆ ತಾನಾಗಿ ಕರಗುವುದೋ ಬಿಚ್ಚಿಸಬೇಕೋ? ನೋವಿನ ಮದ್ದು ಕೊನೆಯ ಸಲ ಕೊಟ್ಟದ್ದು ಎಷ್ಟು ಗಂಟೆಗೆ, ಮುಂದಿನದು ಯಾವಾಗ? ಮತ್ತೆ ತೋರಿಸುವುದು ಎಂದು? ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು? ನೋವಿನ ಮದ್ದಿಲ್ಲದೆ ಮನೆಗೆ ಕಳಿಸುವುದಾದರೆ ಏಕೆಂದು ಕೇಳಿ. ನೋವಿರುವ ನಾಯಿಯೊಂದಿಗೆ ನಂಟು ಬೆಳೆಸುವ ಮಾತೇ ಇಲ್ಲ. ಮೊದಲು ನೋವು ತಗ್ಗಬೇಕು.

ಎತ್ತುವಾಗ ಒಂದು ತೋಳು ಎದೆಯ ಮುಂದೆ, ಇನ್ನೊಂದು ಹಿಂದೊಡೆಗಳ ಹಿಂದೆ. ಹೊಟ್ಟೆಯ ಅಡಿಗೆ ಕೈ ಹೋಗಬಾರದು, ಕಂಕುಳಿನಲ್ಲಿ ಹಿಡಿದು ನೇತಾಡಿಸಲೂ ಬಾರದು.

ಅರಿವಳಿಕೆ ಪೂರ್ತಿ ಇಳಿಯುವವರೆಗೆ ತೂರಾಡುತ್ತಾಳೆ, ನಡುಗುತ್ತಾಳೆ, ಗೋಡೆ ನೋಡುತ್ತಾ ಕುಂಯ್‌ಗುಡುತ್ತಾಳೆ. ಕುಂಯ್‌ಗುಡುವುದೆಲ್ಲ ನೋವಲ್ಲ, ಬಹಳಷ್ಟು ಮಂಪರಿನ ಗಲಿಬಿಲಿ. ಈ ಹೊತ್ತಿನಲ್ಲಿ ತಬ್ಬಿಕೊಂಡು ಸಮಾಧಾನ ಮಾಡಲು ಮನಸ್ಸು ಎಳೆಯುತ್ತದೆ. ಮಾಡಬೇಡಿ. ಮಂಪರಿನಲ್ಲಿ ನಿಮ್ಮ ಮುಖವೇ ಅವಳಿಗೆ ಗುರುತು ಸಿಗದಿರಬಹುದು, ಹೆದರಿ ಬಾಯಿ ಹಾಕಬಹುದು. ದೀಪ ಮಂದ ಮಾಡಿ, ಟಿವಿ ಆರಿಸಿ, ತೆಳು ಹೊದಿಕೆ ಹೊದಿಸಿ, ಫ್ಯಾನಿನ ಗಾಳಿ ನೇರ ಬೀಳದಂತೆ ನೋಡಿ. ಮುಧೋಳದಂಥ ತೆಳ್ಳನೆಯ, ಕೂದಲು ಕಡಿಮೆಯಿರುವ ನಾಯಿಗಳಿಗೆ ಚಳಿ ಬೇಗ ಹತ್ತುತ್ತದೆ, ಅವಕ್ಕೆ ಎರಡು ಹೊದಿಕೆ ಬೇಕಾದೀತು. ಆಮೇಲೆ ನಾಲ್ಕೈದು ಅಡಿ ದೂರದಲ್ಲಿ ನೀವೂ ನೆಲದ ಮೇಲೆ ಚಾಪೆ ಹಾಸಿ ಮಲಗಿ, ಅವಳ ಕಡೆ ಪಕ್ಕೆ ಮಾಡಿ. ಎಚ್ಚರವಾದಾಗ ನಿಮ್ಮ ವಾಸನೆ ಅಲ್ಲೇ ಇದ್ದರೆ ಅಷ್ಟು ಸಾಕು. ಮೊದಲ ಮೂರು ನಾಲ್ಕು ರಾತ್ರಿ ಹೀಗೆ ಮಲಗುವುದು ಹಗಲಿನ ಎಷ್ಟೋ ಮುದ್ದಾಟಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ನೀರು ಒಮ್ಮೆಗೇ ಬಟ್ಟಲು ತುಂಬ ಬೇಡ, ಅರ್ಧ ಗಂಟೆಗೊಮ್ಮೆ ನಾಲ್ಕೈದು ಚಮಚ. ನೆಟ್ಟಗೆ ನಿಲ್ಲುವಂತಾದ ಮೇಲೆ ಎಂದಿನ ಊಟದ ಕಾಲುಭಾಗ: ಮೆತ್ತಗೆ ಬೆಂದ ಅನ್ನಕ್ಕೆ ಉಪ್ಪು ಹಾಕದ ಬೇಯಿಸಿದ ಕೋಳಿ ಹಿಸುಕಿ ಕೊಡಿ. ವಾಂತಿಯಾದರೆ ಆ ರಾತ್ರಿಗೆ ಊಟ ನಿಲ್ಲಿಸಿ. ಮಲಗಿದಲ್ಲೇ ಉಚ್ಚೆ ಹೋದರೆ ಗದರಬೇಡಿ, ಸದ್ದಿಲ್ಲದೆ ಬಟ್ಟೆ ಬದಲಿಸಿ. ಗಂಟಲಿಗೆ ಕೊಳವೆ ಹಾಕಿರುವುದರಿಂದ ಒಂದೆರಡು ದಿನ ಸಣ್ಣ ಕೆಮ್ಮು ಇರಬಹುದು. ಎರಡು ಮೂರು ದಿನ ಮಲ ಹೋಗದಿದ್ದರೂ ಗಾಬರಿಯಿಲ್ಲ, ಹೊಟ್ಟೆಯಲ್ಲಿ ಏನೂ ಇರುವುದಿಲ್ಲ. ಆಮೇಲೂ ಮಲಕ್ಕೆ ತಿಣುಕುತ್ತಿದ್ದರೆ ಬೇಯಿಸಿದ ಸಿಹಿಗುಂಬಳ ಎರಡು ಚಮಚ ಊಟಕ್ಕೆ ಕಲಸಿ.

ಕೋನ್ ತೊಟ್ಟವಳಿಗೆ ಲೋಕ ಹೇಗೆ ಕಾಣುತ್ತದೆ

ಕೋನ್ ಹಾಕಿದ ಮೇಲೆ ಅವಳಿಗೆ ಅಕ್ಕಪಕ್ಕ ಕಾಣುವುದಿಲ್ಲ. ಶಬ್ದ ಎಲ್ಲಿಂದ ಬಂತೆಂಬ ಅಂದಾಜು ತಪ್ಪುತ್ತದೆ, ಕೋನಿನ ಅಂಚು ಗೋಡೆಗೆ ತಾಗಿದ ಸದ್ದು ಕಿವಿಯೊಳಗೇ ಬಡಿದಂತೆ ಕೇಳುತ್ತದೆ. ನೀವು ಪಕ್ಕದಿಂದ ಬಂದು ಮುಟ್ಟಿದರೆ ಆ ಕೈ ಎಲ್ಲಿಂದಲೋ ಉದುರಿದಂತೆ. ಅವಳು ಹೌಹಾರಿದರೆ, ಗುರ್ ಎಂದರೆ, ಅದು ಸಿಟ್ಟಲ್ಲ.

ಅದಕ್ಕಾಗಿ ಹತ್ತಿರ ಹೋಗುವ ಮುಂಚೆ ಆರೇಳು ಅಡಿ ದೂರದಿಂದಲೇ ಹೆಸರು ಹಿಡಿದು ಮಾತಾಡಿಸಿ. ಓರೆಯಾಗಿ, ಅವಳಿಗೆ ಕಾಣುವಂತೆ ಬಂದು, ಪಕ್ಕ ತಿರುಗಿ ಕೂತು, ಕೈಯನ್ನು ಕೋನಿನ ಕೆಳಗಿನ ಅಂಚಿನ ಬಳಿ ನೆಲದ ಮೇಲಿಡಿ. ಮೂಸುವುದು ಬಿಡುವುದು ಅವಳಿಗೆ ಸೇರಿದ್ದು. ಬಟ್ಟಲನ್ನು ಮಣೆಯ ಮೇಲೋ ಎರಡು ಇಟ್ಟಿಗೆಯ ಮೇಲೋ ಇಡಿ; ಬಟ್ಟಲು ಕೋನಿನ ಬಾಯಿಗಿಂತ ಕಿರಿದಾಗಿದ್ದರೆ ಕೋನ್ ಅದನ್ನು ಮುಚ್ಚಿ ಕೂರುತ್ತದೆ, ಅವಳು ಆರಾಮಾಗಿ ತಿನ್ನುತ್ತಾಳೆ. ಊಟದ ಹೊತ್ತಿಗೆ ನೀವು ಪಕ್ಕದಲ್ಲೇ ಕೂರುವುದಾದರೆ ಕೋನ್ ತೆಗೆದೇ ತಿನ್ನಿಸಬಹುದು. ಫೋನ್ ಬಂತೆಂದು ಎದ್ದು ಹೋಗುವುದಾದರೆ ಮೊದಲು ಕೋನ್ ಹಾಕಿ, ಆಮೇಲೆ ಏಳಿ. ಹೊಲಿಗೆ ಕಿತ್ತುಕೊಳ್ಳಲು ಅವಳಿಗೆ ಬಹಳ ಹೊತ್ತೇನೂ ಬೇಡ.

ಕೋನ್ ಒಗ್ಗದವರಿಗೆ ಮಕ್ಕಳ ಹತ್ತಿ ಟೀ ಶರ್ಟ್ ಒಂದು ಉಪಾಯ. ಆರರಿಂದ ಎಂಟು ವರ್ಷದವರದು ಸುಮಾರಾಗಿ ಸರಿಹೋಗುತ್ತದೆ. ಹಿಂದುಮುಂದಾಗಿ ತೊಡಿಸಿ: ಅಂಗಿಯ ಎದೆಭಾಗ ಅವಳ ಬೆನ್ನಿಗೆ, ಮುಂಗಾಲು ತೋಳುಗಳೊಳಗೆ. ಉಳಿದ ಬಟ್ಟೆಯನ್ನು ಸೊಂಟದ ಮೇಲೆ ಗಂಟು ಹಾಕಿ. ಉಚ್ಚೆಗೆ ಹೋಗುವಾಗ ಗಂಟು ಬಿಚ್ಚಿ ಮೇಲೆ ಸರಿಸಿ. ದಿನವೂ ಒಗೆದದ್ದು ಹಾಕಿ, ಒದ್ದೆಯಾದರೆ ಆಗಲೇ ಬದಲಿಸಿ. ಬಟ್ಟೆ ಕಡಿಯುವ ನಾಯಿಗೆ ಇದು ನಡೆಯುವುದಿಲ್ಲ, ಅವಳಿಗೆ ಕೋನೇ ಗತಿ.

ಮಾತ್ರೆ: ಮೂರು ಉಂಡೆಯ ಕ್ರಮ

ಬಾಯಿ ಬಿಡಿಸಿ ಗಂಟಲಿಗೆ ತಳ್ಳುವುದು ಒಂದು ಸಲ ನಡೆಯುತ್ತದೆ, ಎರಡನೇ ಸಲ ನಿಮ್ಮನ್ನು ಕಂಡೊಡನೆ ಮಂಚದಡಿ ಸೇರುತ್ತಾಳೆ. ಊಟದ ಬಟ್ಟಲಿನಲ್ಲಿ ಬೆರೆಸಿದರೆ ಕಹಿ ತಿಳಿದು ಊಟವನ್ನೇ ಬಿಡುತ್ತಾಳೆ. ರಾಗಿಮುದ್ದೆ ಇದಕ್ಕೆ ಹೇಳಿ ಮಾಡಿಸಿದ್ದು, ಮುದ್ದೆಯೆಂದರೆ ನುಂಗುವುದೇ ತಾನೇ! ಆರಿದ ಮುದ್ದೆಯಿಂದ ನೆಲ್ಲಿಕಾಯಿಗಿಂತ ಚಿಕ್ಕ ಮೂರು ಉಂಡೆ ಮಾಡಿ ಕೋಳಿ ಬೇಯಿಸಿದ ನೀರಿನಲ್ಲಿ ಅದ್ದಿ. ಮೊದಲನೆಯದು ಖಾಲಿ, ಎರಡನೆಯದರಲ್ಲಿ ಮಾತ್ರೆ, ಮೂರನೆಯದು ಮತ್ತೆ ಖಾಲಿ. ಎರಡನೆಯದು ಬಾಯಲ್ಲಿರುವಾಗಲೇ ಮೂರನೆಯದನ್ನು ಮೂಗಿನ ಮುಂದೆ ಹಿಡಿಯಿರಿ, ಅದರ ಆಸೆಗೆ ಇದನ್ನು ಗುಳುಂ ಮಾಡುತ್ತಾಳೆ. ಮಾತ್ರೆ ಮುಟ್ಟಿದ ಬೆರಳಲ್ಲಿ ಖಾಲಿ ಉಂಡೆಗಳನ್ನು ಮಾಡಬೇಡಿ, ವಾಸನೆ ಅಂಟುತ್ತದೆ. ಮಾತ್ರೆ ಇಲ್ಲದ ಹೊತ್ತಿನಲ್ಲೂ ದಿನಕ್ಕೆ ಒಂದೆರಡು ಸಲ ಮೂರೂ ಖಾಲಿ ಉಂಡೆಗಳ ಆಟ ಆಡಿ, ಆಗ ಉಂಡೆ ಕಂಡರೆ ಅನುಮಾನ ಬರುವುದಿಲ್ಲ.

ನೋವಿನ ಮದ್ದು ಊಟದ ಜೊತೆಗೇ ಹೋಗಬೇಕು. ಅದು ಶುರುವಾದ ಮೇಲೆ ವಾಂತಿ, ಭೇದಿ, ಕಪ್ಪು ಮಲ ಕಂಡರೆ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ. ಮನೆಯ ಡಬ್ಬಿಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಯಾವುದನ್ನೂ ಕೊಡಲೇಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ.

ಗಾಯ ನೋಡುವುದು, ಮುಟ್ಟದೆ

ದಿನಕ್ಕೆರಡು ಸಲ ಗಾಯ ನೋಡಬೇಕು. ಆದರೆ ಅಂಗಾತ ಮಲಗಿಸಿ, ಇಬ್ಬರು ಕಾಲು ಹಿಡಿದು ನೋಡುವ ಪದ್ಧತಿಯನ್ನು ಬಿಟ್ಟುಬಿಡಿ. ಹೆದರುವ ನಾಯಿಗೆ ಅದಕ್ಕಿಂತ ದೊಡ್ಡ ಬೆದರಿಕೆಯಿಲ್ಲ, ಕೊಸರಾಡಿದರೆ ಹೊಲಿಗೆಗೂ ಕೇಡು. ಅವಳು ನಿಂತಿರುವಾಗ ಫೋನನ್ನು ನೆಲದ ಹತ್ತಿರ ಹಿಡಿದು ಹತ್ತು ಸೆಕೆಂಡ್ ವಿಡಿಯೊ ತೆಗೆಯಿರಿ. ಫ್ಲಾಶ್ ಬೇಡ, ಕಿಟಕಿಯ ಬೆಳಕು ಸಾಕು. ದಿನವೂ ಒಂದೇ ಜಾಗ, ಒಂದೇ ಹೊತ್ತು ಆದರೆ ನಿನ್ನೆಯದಕ್ಕೂ ಇಂದಿನದಕ್ಕೂ ಹೋಲಿಸುವುದು ಸುಲಭ. ಡಾಕ್ಟರಿಗೆ ಕಳಿಸಲೂ ಆಗುತ್ತದೆ.

ಇದರ ಜೊತೆಗೆ ಗದ್ದ ಊರುವುದನ್ನು ಕಲಿಸಿ. ಎರಡನೇ ದಿನ ಸಂಜೆಯಿಂದ ಶುರು ಮಾಡಬಹುದು, ಸುಸ್ತಿದ್ದರೆ ಮೂರನೇ ದಿನ.

1. ಮಡಚಿದ ಟವೆಲನ್ನು ಮಣೆಯ ಮೇಲಿಟ್ಟು, ಕೋನ್ ತೆಗೆದು, ಅವಳ ಮುಂದೆ ಕೂರಿ. ತಿನಿಸನ್ನು ಟವೆಲಿನ ಆಚೆ ಅಂಚಿನಲ್ಲಿ ಕೆಳಗೆ ಹಿಡಿಯಿರಿ. ತಿನ್ನಲು ಬಗ್ಗಿದಾಗ ಗದ್ದ ಟವೆಲಿಗೆ ತಾಗುತ್ತದೆ. ತಾಗಿದ ಕ್ಷಣವೇ ‘ಹೂಂ’ ಎಂದು ತಿನಿಸು ಕೊಡಿ. ಐದಾರು ಸಲ ಮಾಡಿ ಮುಗಿಸಿ.
2. ಮುಂದಿನ ಸಲ ಗದ್ದ ಇಟ್ಟ ಮೇಲೆ ಒಂದು ಸೆಕೆಂಡ್ ತಡೆದು ಕೊಡಿ, ಆಮೇಲೆ ಮೂರು, ಐದು, ಹತ್ತು. ಹತ್ತು ಸೆಕೆಂಡಿಗೆ ಬರಲು ಎರಡು ದಿನ ಹಿಡಿದರೆ ಹಿಡಿಯಲಿ.
3. ಈಗ ಗದ್ದ ಇಟ್ಟಿರುವಾಗ ‘ಹೊಟ್ಟೆ ನೋಡೋಣ’ ಎನ್ನಿ, ಖಾಲಿ ಕೈಯನ್ನು ಅವಳ ಭುಜದ ಕಡೆ ಒಂದು ಗೇಣು ಚಾಚಿ ವಾಪಸು ತನ್ನಿ, ತಿನಿಸು ಕೊಡಿ. ಮಾತು ಮೊದಲು, ಕೈ ಆಮೇಲೆ, ತಿನಿಸು ಕೊನೆಗೆ. ಈ ಸರದಿ ಅದಲುಬದಲಾದರೆ ತಿನಿಸೇ ಅಪಾಯದ ಸೂಚನೆಯಾಗಿಬಿಡುತ್ತದೆ.
4. ಭುಜ, ಪಕ್ಕೆಲುಬು, ಸೊಂಟ ಹೀಗೆ ಒಂದೊಂದೇ ಜಾಗ ಮುಟ್ಟುತ್ತಾ ಸಾಗಿ. ಹೊಲಿಗೆಯನ್ನು ಮುಟ್ಟುವ ಅಗತ್ಯವೇ ಇಲ್ಲ. ಕೈ ಪಕ್ಕೆಯ ಮೇಲಿದ್ದು ಫೋನ್ ಕೆಳಗೆ ಹೋದರೆ ಕೆಲಸವಾಯಿತು.

ಗದ್ದ ಎತ್ತಿದಳೋ, ಆ ಕ್ಷಣ ಕೈ ತೆಗೆಯಿರಿ. ಎಲ್ಲ ಇರುವುದು ಇದರಲ್ಲೇ. ತಾನು ‘ಸಾಕು’ ಎಂದರೆ ಇವರು ನಿಲ್ಲಿಸುತ್ತಾರೆ ಎಂದು ಗೊತ್ತಾದ ನಾಯಿ ಕಚ್ಚುವವರೆಗೆ ಹೋಗಬೇಕಿಲ್ಲ. ಬ್ರಿಟನ್ನಿನ ತರಬೇತುದಾರ ಚಿರಾಗ್ ಪಟೇಲ್ ಹೆಸರಿನೊಂದಿಗೆ ಪ್ರಸಿದ್ಧವಾದ ಬಕೆಟ್ ಆಟದ ತಿರುಳೂ ಇದೇ: ತಿನಿಸಿರುವ ಡಬ್ಬಿಯನ್ನು ನಾಯಿ ನೋಡುತ್ತಿರುವಷ್ಟು ಹೊತ್ತು ಕೆಲಸ ನಡೆಯುತ್ತದೆ, ಕಣ್ಣು ಬೇರೆಡೆ ತಿರುಗಿದರೆ ನಿಲ್ಲುತ್ತದೆ. ಗದ್ದ ಇಡಲು ಒಪ್ಪದವಳಿಗೆ ಇದನ್ನು ಪ್ರಯತ್ನಿಸಿ.

ಗಾಯದ ಅಂಚುಗಳು ಕೂಡಿಕೊಂಡು, ತುಸು ಗುಲಾಬಿಯಾಗಿ, ಒಣಗಿದ್ದರೆ ಸರಿ. ಮೊದಲ ದಿನ ಒಂದೆರಡು ಹನಿ ನಸುಗೆಂಪು ನೀರು ಒಸರಬಹುದು. ಚರ್ಮದಡಿ ಹೆಸರುಕಾಳಿನಷ್ಟು ಗಟ್ಟಿ ಗಂಟು ಸಿಕ್ಕಿದರೆ ಸಾಮಾನ್ಯವಾಗಿ ಅದು ದಾರದ ಗಂಟು. ಹಚ್ಚುವುದಕ್ಕೆ ಡಾಕ್ಟರು ಏನಾದರೂ ಕೊಟ್ಟಿದ್ದರೆ ಅದಷ್ಟೇ. ಅರಿಶಿನಕ್ಕೆ ನಮ್ಮ ಕೈ ತಾನಾಗಿಯೇ ಹೋಗುತ್ತದೆ, ಆದರೆ ಇಲ್ಲಿ ಬೇಡ. ಹಳದಿ ಬಣ್ಣ ಗಾಯದ ಕೆಂಪನ್ನು ಮರೆಮಾಡುತ್ತದೆ, ಪುಡಿ ಕೂತ ಕಡೆ ಅವಳಿಗೆ ನೆಕ್ಕಬೇಕೆನಿಸುತ್ತದೆ. ಡೆಟಾಲ್, ಸ್ಪಿರಿಟ್, ಕೊಬ್ಬರಿ ಎಣ್ಣೆಯೂ ಬೇಡ.

ನಮ್ಮ ಹವೆಯಲ್ಲಿ ಇನ್ನೊಂದು ಭಯವಿದೆ, ಹುಳ ಬೀಳುವುದು. ಒದ್ದೆ ಗಾಯದ ಮೇಲೆ ನೊಣ ಮೊಟ್ಟೆಯಿಟ್ಟರೆ ಒಂದೆರಡು ದಿನದಲ್ಲೇ ಹುಳವಾಗುತ್ತದೆ. 14 ದಿನ ಅಂಗಳದಲ್ಲಿ ಮಲಗಿಸಬೇಡಿ, ಕಿಟಕಿಗೆ ಜಾಲರಿ ಇರಲಿ, ಹಾಸಿಗೆ ಬಟ್ಟೆ ದಿನವೂ ಬದಲಾಗಲಿ. ಕೆಟ್ಟ ವಾಸನೆ ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಸೀಮೆಎಣ್ಣೆ, ಫಿನಾಯಿಲ್ ಸುರಿಯುವ ಹಳೇ ರೂಢಿ ಮಾಂಸವನ್ನೇ ಸುಡುತ್ತದೆ.

ಅವಳು ಬೇಡವೆನ್ನುವುದು ಹೇಗೆ

ಹಸಿವಿಲ್ಲದೆ ನಾಲಿಗೆಯಿಂದ ಮೂಗು ಸವರುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಖ ತಿರುಗಿಸಿ ಕಣ್ಣಿನ ಬಿಳಿಭಾಗ ಕಾಣುವಂತೆ ಓರೆನೋಟ ಬೀರುವುದು, ಒಂದು ಮುಂಗಾಲು ಎತ್ತಿ ಹಿಡಿಯುವುದು, ಕಿವಿ ಹಿಂದಕ್ಕೆ ಒತ್ತುವುದು. ಇವೆಲ್ಲ ‘ಸ್ವಲ್ಪ ದೂರ ಇರಿ’ ಎಂಬ ಮಾತುಗಳು. ಎಲ್ಲಕ್ಕಿಂತ ಗಂಭೀರವಾದದ್ದು ಇದ್ದಕ್ಕಿದ್ದಂತೆ ಮರಗಟ್ಟಿದಂತೆ ನಿಲ್ಲುವುದು. ‘ಎಷ್ಟು ಸುಮ್ಮನೆ ಮುಟ್ಟಿಸಿಕೊಳ್ಳುತ್ತಾಳೆ’ ಎಂದು ಜನ ಮೆಚ್ಚುವುದು ಎಷ್ಟೋ ಸಲ ಇದನ್ನೇ. ಗುರ್ ಎಂದರೆ ಗದರಬೇಡಿ. ಎಚ್ಚರಿಕೆಗೆ ಬೈಗುಳ ತಿಂದ ನಾಯಿ ಮುಂದಿನ ಸಲ ಎಚ್ಚರಿಕೆ ಕೊಡದೆ ಕಚ್ಚುವುದನ್ನು ಕಲಿಯುತ್ತದೆ.

ಮುದ್ದಿಸುವುದಕ್ಕೆ ಮೂರು ಸೆಕೆಂಡಿನ ಲೆಕ್ಕ ಇಟ್ಟುಕೊಳ್ಳಿ. ಎದೆಯನ್ನೋ ಭುಜವನ್ನೋ ಮೂರು ಸೆಕೆಂಡ್ ಸವರಿ ಕೈ ತೆಗೆಯಿರಿ. ಅವಳು ಒರಗಿದರೆ, ಮೂತಿಯಿಂದ ಕೈ ಎಳೆದರೆ ಮುಂದುವರಿಸಿ. ಸುಮ್ಮನಿದ್ದರೆ ಅದನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ತಲೆಯ ಮೇಲಿನಿಂದ ಕೈ ತರುವುದು ಬಹುಪಾಲು ನಾಡನಾಯಿಗಳಿಗೆ ಇಷ್ಟವಿಲ್ಲ, ಕೋನ್ ಇರುವಾಗಂತೂ ಕೂಡದು. ಮಲಗಿರುವವಳನ್ನು ಮುಟ್ಟಿ ಎಬ್ಬಿಸಬೇಡಿ. ಚೇತರಿಸಿಕೊಳ್ಳುವ ನಾಯಿ ದಿನದ ಹೆಚ್ಚು ಹೊತ್ತು ನಿದ್ದೆ ಮಾಡಬೇಕು. ಮನೆಯಲ್ಲಿ ಮಕ್ಕಳಿದ್ದರೆ ಅವಳ ಹಾಸಿಗೆಯ ಸುತ್ತ ಬಣ್ಣದ ಟೇಪಿನಿಂದ ಗೆರೆ ಹಾಕಿ. ಗೆರೆಯ ಒಳಗೆ ಮಕ್ಕಳು ಹೋಗುವಂತಿಲ್ಲ, ಅವಳಾಗಿ ಹೊರಗೆ ಬಂದರೆ ಮಾತಾಡಿಸಬಹುದು. ಮಕ್ಕಳು ಗೆರೆಯ ಆಚೆ ಕೂತು ಪಾಠ ಗಟ್ಟಿಯಾಗಿ ಓದಲಿ. ಏನನ್ನೂ ಕೇಳದ ಒಂದೇ ಸಮನೆಯ ದನಿಯ ಮುಂದೆ ನಾಯಿ ಬೇಗ ಸಡಿಲಾಗುತ್ತದೆ.

ನಾಲ್ಕರಿಂದ ಏಳನೇ ದಿನ: ಹುಷಾರಾದಂತೆ ಕಾಣುವ ಅಪಾಯ

ನಾಲ್ಕನೇ ದಿನದ ಹೊತ್ತಿಗೆ ಅವಳಿಗೆ ನೋವು ಮರೆತಿರುತ್ತದೆ, ಬಾಲ ಎತ್ತಿ ಓಡಲು ನೋಡುತ್ತಾಳೆ. ಹೊಲಿಗೆ ಕೆಡುವುದು ಹೆಚ್ಚಾಗಿ ಈಗಲೇ. ಹೊಲಿಗೆ ಒಂದೇ ಪದರದ್ದಲ್ಲ: ಒಳಗೆ ಹೊಟ್ಟೆಯ ಗೋಡೆ, ಅದರ ಮೇಲೆ ಚರ್ಮದಡಿಯ ಪದರ, ಹೊರಗೆ ಚರ್ಮ. ಚರ್ಮ 10ರಿಂದ 14 ದಿನದಲ್ಲಿ ಕೂಡಿಕೊಳ್ಳುತ್ತದೆ. ಒಳಗೋಡೆಗೆ ಮೊದಲಿನ ಬಲ ಬರಲು ವಾರಗಟ್ಟಲೆ ಬೇಕು. ಈಗ ಕುಣಿದರೆ ಚರ್ಮದಡಿ ನೀರು ತುಂಬಿ ಮೆತ್ತನೆಯ ಊತ ಬರುತ್ತದೆ. ಬಹಳ ಸಲ ಅದು ತಾನಾಗಿ ಇಳಿದರೂ, ಒಳಗೋಡೆ ಬಿಟ್ಟು ಕರುಳು ಇಳಿದ ಊತವೂ ಹೊರಗೆ ಹಾಗೇ ಕಾಣುವುದರಿಂದ ಡಾಕ್ಟರೇ ನೋಡಬೇಕು.

ಮನೆಯೊಳಗೂ ಒಂದೂವರೆ ಮೀಟರ್ ಲೀಶು (ನಾಯಿಯನ್ನು ಹಿಡಿದುಕೊಳ್ಳುವ ಹಗ್ಗ) ಇರಲಿ. ಸೋಫಾ, ಮಂಚ, ಮೆಟ್ಟಿಲು ಇಲ್ಲ. ಹೊರಗೆ ದಿನಕ್ಕೆ ನಾಲ್ಕೈದು ಸಲ, ಐದೈದು ನಿಮಿಷ, ಉಚ್ಚೆ ಮಲಕ್ಕೆ ಮಾತ್ರ. ಹೊಸ ನಾಯಿಯಾದ್ದರಿಂದ ಕತ್ತುಪಟ್ಟಿಗೊಂದು, ಎದೆಯ ಸುತ್ತ ತೊಡಿಸುವ ಹಾರ್ನೆಸ್‌ಗೊಂದು ಎರಡು ಲೀಶು ಹಾಕಿ. ಬೆದರಿದ ನಾಡನಾಯಿ ಒಂದು ಪಟ್ಟಿಯಿಂದ ಹಿಂದಕ್ಕೆ ಜಾರಿಕೊಂಡರೆ ಹಿಡಿಯುವುದು ಕಷ್ಟ. ಹಾರ್ನೆಸ್ಸಿನ ಪಟ್ಟಿ ಪಕ್ಕೆಲುಬಿನ ಮೇಲೆ ಬರಬೇಕು, ಹೊಲಿಗೆಗೆ ತಾಗಬಾರದು.

ಓಡಾಟ ನಿಂತಾಗ ತಲೆಗೆ ಕೆಲಸ ಬೇಕು. ನಂಟು ಬೆಳೆಯಲು ಇಷ್ಟು ಒಳ್ಳೆಯ ಕಾಲ ಮತ್ತೆ ಸಿಗುವುದಿಲ್ಲ: ಅವಳು ಎಲ್ಲಿಗೂ ಹೋಗುವಂತಿಲ್ಲ, ಸ್ವಾರಸ್ಯದ್ದೆಲ್ಲ ನಿಮ್ಮ ಕೈಯಿಂದಲೇ ಬರುತ್ತದೆ. 40 ಗ್ರಾಂ ಬೇಯಿಸಿದ ಕೋಳಿಯನ್ನು ಒಂದೊಂದು ಗ್ರಾಮಿನಷ್ಟು ಸಣ್ಣಗೆ ಹೆಚ್ಚಿದರೆ ಸುಮಾರು 40 ಚೂರು. ಒಂದು ದಿನಕ್ಕೆ ಅಷ್ಟು ಸಾಕು, ಊಟದಲ್ಲಿ ಅಷ್ಟನ್ನು ತಗ್ಗಿಸಿ. ಸಸ್ಯಾಹಾರಿ ಮನೆಯಲ್ಲಿ ಪನೀರ್, ಬೇಯಿಸಿದ ಸಿಹಿಗೆಣಸು ಆದೀತು. ಗ್ಲೂಕೋಸ್ ಬಿಸ್ಕತ್ತು ಬೇಡ, ಬರೀ ಸಕ್ಕರೆ ಮೈದಾ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಒಗ್ಗರಣೆ ಹಾಕಿದ ಮೊಸರನ್ನವನ್ನೂ ಕೊಡಬೇಡಿ, ಬರೀ ಮೊಸರನ್ನ ಆಗಬಹುದು.

ಟವೆಲಿನ ಆಟ: ಹಳೇ ಟವೆಲ್ ಹಾಸಿ ಹತ್ತು ಚೂರು ಉದುರಿಸಿ ಸುರುಳಿ ಸುತ್ತಿ ಮುಂದಿಡಿ, ಮೂತಿಯಿಂದ ಬಿಡಿಸಿಕೊಂಡು ತಿನ್ನಲಿ. ಹುಡುಕಾಟ: ‘ಹುಡುಕು’ ಎಂದು ಹೇಳಿ ಐದು ಚೂರನ್ನು ನೆಲಮಟ್ಟದಲ್ಲಿ, ಕಾಣುವ ಜಾಗದಲ್ಲೇ ಇಡಿ, ಒಂದೆರಡು ದಿನದ ಮೇಲೆ ಬಾಗಿಲ ಸಂದಿ, ಕುರ್ಚಿ ಕಾಲಿನ ಹಿಂದೆ. ಎತ್ತರದಲ್ಲಿಟ್ಟರೆ ಜಿಗಿಯುತ್ತಾಳೆ. ಸ್ಟೀಲ್ ತಟ್ಟೆಗೆ ಎರಡು ಚಮಚ ಗಟ್ಟಿ ಮೊಸರು ತೆಳ್ಳಗೆ ಬಳಿದು ಕೊಟ್ಟರೆ ಹತ್ತು ನಿಮಿಷ ನೆಕ್ಕುತ್ತಾಳೆ, ನೆಕ್ಕುವುದೇ ಮನಸ್ಸನ್ನು ತಣಿಸುತ್ತದೆ. ಇವಕ್ಕೆಲ್ಲ ಕೋನ್ ತೆಗೆದಿರಬೇಕು, ನೀವು ಅಲ್ಲೇ ಕೂತಿರಬೇಕು. ದಿನಕ್ಕೆ ಮೂರು ಸಲ, ಹತ್ತು ಹತ್ತು ನಿಮಿಷ. ಇನ್ನೂ ಬೇಕು ಎನ್ನುವಾಗಲೇ ಮುಗಿಸಿ. ಎಳೆದಾಟ, ಚೆಂಡು ಬೇಡ.

ಹಾಲು ಬಂದರೆ, ಗೊಂಬೆ ಕಾದರೆ

ಆಪರೇಷನ್ ಆದ ಕೆಲವು ದಿನಕ್ಕೆ ಕೆಲವರಿಗೆ ಮೊಲೆ ಊದಿ ಹಾಲು ಬರುತ್ತದೆ, ಮೂಲೆ ಕೆರೆದು ಗೂಡು ಮಾಡುತ್ತಾರೆ, ಗೊಂಬೆಯನ್ನೋ ಚಪ್ಪಲಿಯನ್ನೋ ಮರಿಯಂತೆ ಕಾಯುತ್ತಾ ಹತ್ತಿರ ಬಂದವರಿಗೆ ಗುರ್ ಎನ್ನುತ್ತಾರೆ. ಬೆದೆ ಮುಗಿದ ಒಂದೆರಡು ತಿಂಗಳೊಳಗೆ ಅಂಡಾಶಯ ತೆಗೆದಾಗ ಪ್ರೊಜೆಸ್ಟರಾನ್ ಹಾರ್ಮೋನು ತಟ್ಟನೆ ಇಳಿಯುತ್ತದೆ, ಹಾಲಿನ ಹಾರ್ಮೋನು ಏರುತ್ತದೆ, ದೇಹ ಮರಿ ಹಾಕಿದೆನೆಂದು ಭ್ರಮಿಸುತ್ತದೆ. ಇದನ್ನು ಸ್ವಭಾವ ಕೆಟ್ಟಿತೆಂದು ತಿಳಿದು ದಂಡಿಸಿದರೆ ಅದುವರೆಗೆ ಗಳಿಸಿದ್ದೆಲ್ಲ ನೀರುಪಾಲು. ಗೊಂಬೆಯನ್ನು ಕಿತ್ತುಕೊಳ್ಳಬೇಡಿ, ದೂರದಲ್ಲಿ ಚೂರುಗಳನ್ನು ಚೆಲ್ಲಿ, ಅವಳು ಎದ್ದು ಹೋದಾಗ ಎತ್ತಿಡಿ. ಹಾಲು ಹಿಂಡಬೇಡಿ, ಮೊಲೆಗೆ ಬಿಸಿ ಬಟ್ಟೆ ಒತ್ತಬೇಡಿ, ಎರಡೂ ಹಾಲನ್ನು ಹೆಚ್ಚಿಸುತ್ತವೆ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ತಗ್ಗುತ್ತದೆ, ತಗ್ಗದಿದ್ದರೆ ಮದ್ದಿದೆ. ಬೆದೆಯ ಹೊತ್ತಿನಲ್ಲೇ ಆಪರೇಷನ್ ಆಗಿದ್ದರೆ ವಾಸನೆ ಕೆಲ ದಿನ ಉಳಿಯುತ್ತದೆ. ಗಂಡುನಾಯಿಗಳನ್ನು ಕೆಲವು ವಾರ ಹತ್ತಿರ ಬಿಡಬೇಡಿ, ಒಳಗಿನ ಹೊಲಿಗೆಗೆ ಅಪಾಯ.

ಕಾಯದೆ ಹೊರಡಬೇಕಾದ ಹೊತ್ತು

ಒಸಡು ಬಿಳಿಚಿದ್ದರೆ. ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ನಾಡನಾಯಿಗಳಲ್ಲಿ ಒಸಡು ಕಪ್ಪಿರುವುದು ಸಾಮಾನ್ಯ, ಅಂಥವರಿಗೆ ಕೆಳರೆಪ್ಪೆಯ ಒಳಬದಿ ನೋಡಿ. ಗಾಯದಿಂದ ರಕ್ತ ಒಂದೇ ಸಮ ತೊಟ್ಟಿಕ್ಕುತ್ತಿದ್ದರೆ, ಅಂಚು ಬಿಟ್ಟಿದ್ದರೆ, ಕೀವು ಕಂಡರೆ, ಹೊಟ್ಟೆ ಉಬ್ಬುತ್ತಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, 24 ಗಂಟೆ ಉಚ್ಚೆ ಹೋಗದಿದ್ದರೆ, ಎರಡನೇ ದಿನವೂ ಏಳಲಾಗದೆ ಮಂಕಾಗಿದ್ದರೆ, ಗಾಢ ನಿದ್ದೆಯಲ್ಲಿ ಉಸಿರು ನಿಮಿಷಕ್ಕೆ 30 ದಾಟಿದರೆ ಬೆಳಗಾಗಲಿ ಎಂದು ಕೂರಬೇಡಿ. ನಾಯಿಯ ಸಹಜ ಉಷ್ಣತೆ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಆದರೆ ಹೊಸ ನಾಯಿಗೆ ಮನೆಯಲ್ಲಿ ಗುದದ ಥರ್ಮಾಮೀಟರ್ ಹಾಕುವ ಸಾಹಸ ಬೇಡ. ಊಟ ಬಿಟ್ಟಳೇ, ಮಂಕಾದಳೇ ಎಂಬುದನ್ನು ನೋಡಿ. ಜ್ವರವನ್ನು ಡಾಕ್ಟರು ಅಳೆಯಲಿ.

ಹೊಲಿಗೆ ಬಿಚ್ಚಿಸುವುದು, ಆಮೇಲೆ

ಬಿಚ್ಚಿಸುವ ಮುಂಚಿನ ದಿನ ಆಸ್ಪತ್ರೆಯ ಹೊರಗೆ ಹೋಗಿ ಐದು ನಿಮಿಷ ನಿಂತು, ಒಂದು ಹಿಡಿ ಚೂರು ತಿನ್ನಿಸಿ, ಒಳಗೆ ಹೋಗದೆ ವಾಪಸು ಬನ್ನಿ. ಆ ಜಾಗದಿಂದ ಏನೂ ಆಗದೆ ಮನೆಗೆ ಬರಬಹುದು ಎಂಬ ನೆನಪು ಒಂದಾದರೂ ಇರಲಿ. ಮರುದಿನ ಗದ್ದ ಊರುವ ಟವೆಲನ್ನು ಜೊತೆಗೆ ಒಯ್ಯಿರಿ, ಅದೇ ಮಾತು ಹೇಳಿ. ಬಿಚ್ಚುವಾಗ ನೀವು ಚೂರುಗಳನ್ನು ಕೊಡುತ್ತಲೇ ಇರಲು ಬಿಡುವಂತೆ ಡಾಕ್ಟರನ್ನು ಕೇಳಿಕೊಳ್ಳಿ.

ಬಿಚ್ಚಿದ ಎರಡು ದಿನಕ್ಕೆ ಸ್ನಾನ ಮಾಡಿಸಬಹುದು. ನಡಿಗೆ ಮೊದಲ ದಿನ ಹತ್ತು ನಿಮಿಷ, ಆಮೇಲೆ ದಿನಕ್ಕೈದು ನಿಮಿಷ ಏರಿಸುತ್ತಾ ಹೋಗಿ. ಜಿಗಿತ, ಬೇರೆ ನಾಯಿಗಳ ಜೊತೆ ಕುಸ್ತಿ ಇನ್ನೂ ಎರಡು ವಾರ ಬೇಡ. ಊಟದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ: ಆಪರೇಷನ್ ಆದ ಮೇಲೆ ದೇಹಕ್ಕೆ ಬೇಕಾದ ಶಕ್ತಿ ಸುಮಾರು ಕಾಲುಭಾಗ ತಗ್ಗುತ್ತದೆ, ಹಸಿವು ಮಾತ್ರ ಹೆಚ್ಚುತ್ತದೆ. ತಿಂಗಳಿಗೊಮ್ಮೆ ತೂಕ ನೋಡಿ, ಪಕ್ಕೆಲುಬು ಬೆರಳಿಗೆ ಸಿಗುವಷ್ಟರಲ್ಲಿ ಇರಿಸಿ.

‘ಹೊಟ್ಟೆ ನೋಡೋಣ’ ಎಂಬ ಮಾತನ್ನು ಬಿಡಬೇಡಿ. ವಾರಕ್ಕೊಮ್ಮೆ ಎರಡು ನಿಮಿಷ, ಅದೇ ಮಣೆ, ಅದೇ ಟವೆಲ್: ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣೆ ಇದೆಯೇ ನೋಡಿ, ಒಂದೆರಡು ಉಗುರು ಕತ್ತರಿಸಿ, ಚೂರು ಕೊಡಿ. ಗದ್ದ ಎತ್ತಿದರೆ ಉಳಿದ ಉಗುರು ಮುಂದಿನ ವಾರಕ್ಕೆ.